ಎಡಕ್ಕೆ ಸರಿದ ದವಡೆ

ಏಳನೇ ಕ್ಲಾಸಿನ ಮಕ್ಕಳು ಮೇಜಿನ ಮೇಲಿಟ್ಟ ಹೂಜಿಯನ್ನು ನೋಡಿಕೊಂಡು ಕುಂಬಳಕಾಯಿ ಬರೆಯುತ್ತಿದ್ದ ಹೊತ್ತಿಗೆ ಡ್ರಾಯಿಂಗ್ ಮೇಷ್ಟ್ರ ಫೋನು ಬಡಿದುಕೊಂಡಿತು. ಪೊಲೀಸ್ ಸ್ಟೇಷನ್ನಿನ ಇನ್‌ಸ್ಪೆಕ್ಟರು.

"ಮೇಷ್ಟ್ರೇ, ಒಂದು ಮುಖ ಬರೀಬೇಕಿತ್ತು. ಬೇಗ ಬನ್ನಿ."

"ಕಳ್ಳನಾ ಸಾರ್, ಸುಲಿಗೆಯವನಾ?"

"ಅದನ್ನೆಲ್ಲಾ ಫೋನಲ್ಲಿ ಹೇಳೋಕಾಗಲ್ಲ. ರಬ್ಬರು ದೊಡ್ಡದು ತನ್ನಿ."

ಆ ಸ್ಟೇಷನ್ನಿನಲ್ಲಿ ಚಿತ್ರ ಬರೆಯಲೆಂದೇ ಇದ್ದವರು ಯಾರೂ ಇರಲಿಲ್ಲ. ಸಾಕ್ಷಿಗಳು ಹೇಳಿದ ಗುರುತಿನ ಮೇಲೆ ಮುಖ ಬರೆದುಕೊಡುವ ಕೆಲಸ ಆರು ವರ್ಷದಿಂದ ಮೇಷ್ಟ್ರ ಪಾಲಿಗೆ ಬಂದಿತ್ತು. ಹಣೆ, ಹುಬ್ಬು, ಕಣ್ಣು, ಮೂಗಿನ ತನಕ ಅವರ ಕೈ ಬೆಣ್ಣೆಯ ಮೇಲೆ ಚಾಕು ಓಡಿದಂತೆ ಓಡುತ್ತಿತ್ತು. ಮೂಗಿನಿಂದ ಕೆಳಗಿಳಿದರೆ ಎಡವಟ್ಟು. ಸಾಕ್ಷಿ ಏನೇ ಹೇಳಲಿ, ಬಾಯಿ, ಗಲ್ಲ, ದವಡೆ ಮೂರೂ ಅವರ ಹೆಂಡತಿಯ ತಮ್ಮನವೇ ಆಗಿಬಿಡುತ್ತಿದ್ದವು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಖುಷಿಪಡಿಸಲೆಂದು ಭಾಮೈದನ ಚಿತ್ರವನ್ನು ಹದಿನೇಳು ಸಲ ಬರೆದಿದ್ದರು. ಅಷ್ಟಕ್ಕೇ ಕೈ ಒಗ್ಗಿಹೋಗಿತ್ತು. ಆರು ವರ್ಷದಲ್ಲಿ ಮೇಷ್ಟ್ರು ಒಂಬತ್ತು ಚಿತ್ರ ಬರೆದುಕೊಟ್ಟರು, ಪೊಲೀಸರು ಭಾಮೈದನನ್ನು ಮೂರು ಸಲ ಹಿಡಿದರು. ಮೊದಲ ಸಲ ಸರಗಳ್ಳನೆಂದು, ಎರಡನೇ ಸಲ ಸೈಕಲ್ ಕಳ್ಳನೆಂದು, ಮೂರನೇ ಸಲ ಏನೂ ಹೇಳದೆ ಸುಮ್ಮನೆ. ಪಾಪ, ಅವನು ವಿಮೆ ಕಚೇರಿಯ ಗುಮಾಸ್ತ. ಮನೆಯಿಂದ ಹೊರಬಿದ್ದರೆ ಕೊಡೆಯಲ್ಲಿ ಮುಖ ಮರೆಸಿಕೊಂಡು ಓಡಾಡುವ ಸ್ಥಿತಿಗೆ ಬಂದಿದ್ದ.

ಮೇಷ್ಟ್ರು ಸ್ಟೇಷನ್ನಿಗೆ ಹೋದಾಗ ಬೆಂಚಿನ ಮೇಲೆ ಮೂವರು ಕೂತಿದ್ದರು: ಬೇಕರಿಯವನು, ನಿವೃತ್ತ ಪೋಸ್ಟ್ ಮಾಸ್ಟರು ಮತ್ತು ಇಸ್ತ್ರಿ ಅಂಗಡಿಯ ಅಜ್ಜಿ. ಇನ್‌ಸ್ಪೆಕ್ಟರು ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದರು.

"ಆರೋಪಿಗೆ ನಾಲ್ಕು ಕಾಲು."

"ಅಂದ್ರೆ ಇಬ್ಬರಾ ಸಾರ್?"

"ಒಂದೇ ಮೇಷ್ಟ್ರೇ. ತೋಳ."

ಹದಿನೈದು ದಿನದಿಂದ ಮಾರುಕಟ್ಟೆಯ ಹಿಂದಿನ ಬೀದಿಗಳಲ್ಲಿ ತೋಳದಂಥ ಪ್ರಾಣಿಯೊಂದು ಓಡಾಡುತ್ತಿತ್ತು. ಬೇಕರಿಯಿಂದ ಎರಡು ತಟ್ಟೆ ಬನ್ನು ಹೋಗಿತ್ತು. ಜನ ಮಕ್ಕಳನ್ನು ಒಳಗೇ ಕೂಡಿಹಾಕಿಕೊಂಡಿದ್ದರು. ಮೇಲಿನವರು ಅದರ ಚಿತ್ರ ಅಂಟಿಸಿ ಜನರನ್ನು ಎಚ್ಚರಿಸಿ ಎಂದು ಹೇಳಿದ್ದರಂತೆ. ಇದ್ದ ಒಂದು ಫೋಟೋದಲ್ಲಿ ತೆಗೆದವನ ಹೆಬ್ಬೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಮೇಷ್ಟ್ರು ಪೆನ್ಸಿಲ್ ಚೂಪು ಮಾಡಿ ಬೇಕರಿಯವನ ಮುಂದೆ ಕೂತರು. ಅಭ್ಯಾಸಬಲ, ಬಾಯಿಂದ ಮೊದಲು ಬಂದದ್ದು, "ಮೀಸೆ ಇತ್ತಾ?"

"ಇತ್ತು ಸಾರ್! ಒಂದೊಂದೂ ಈ ಕಬ್ಬಿಣದ ಸರಳಿನ ಹಾಗೆ. ಶಟರ್ ಎತ್ತಿದ್ದೇ ತಡ, ಎದುರಿಗೇ ನಿಂತಿತ್ತು. ಕರುವಿನ ಗಾತ್ರ. ಅಲ್ಲ, ಹಸು ಅಂತಲೇ ಇಟ್ಕೊಳ್ಳಿ. ಬಾಯಿ ತೆಗೀತು ನೋಡಿ, ನನ್ನ ಒಲೆ ಬಾಗಿಲು ತೆಗೆದ ಹಾಗಾಯ್ತು. ಹಲ್ಲು ಒಂದೊಂದೂ ಇಷ್ಟುದ್ದ," ಎಂದು ಮೊಣಕೈ ತನಕ ತೋರಿಸಿದ.

"ಆಮೇಲೆ?"

"ಆಮೇಲೆ ನಾನು ನೋಡ್ಲಿಲ್ಲ. ಹಿಟ್ಟಿನ ಚೀಲದ ಹಿಂದೆ ಇದ್ದೆ."

ಪೋಸ್ಟ್ ಮಾಸ್ಟರು ಮೂರನೇ ಮಹಡಿಯಿಂದ ನೋಡಿದ್ದರು, ಅದೂ ಕನ್ನಡಕವಿಲ್ಲದೆ. ಆದರೆ ನೋಡಿದ ಮೇಲೆ ಲೈಬ್ರರಿಗೆ ಹೋಗಿ ಪ್ರಾಣಿಕೋಶದ ನಾಲ್ಕು ಸಂಪುಟ ತಿರುವಿಹಾಕಿ ಬಂದಿದ್ದರು. "ನಾನು ಏನು ನೋಡಿದೆ ಅನ್ನೋದು ಮುಖ್ಯ ಅಲ್ಲ ಮೇಷ್ಟ್ರೇ, ಅಲ್ಲಿ ಏನು ಇದ್ದಿರಬೇಕು ಅನ್ನೋದು ಮುಖ್ಯ. ತೋಳದ ಮೂತಿ ಹಣೆಯಿಂದ ಇಳಿಜಾರಾಗಿ ಬರುತ್ತೆ. ಮೇಲ್ದವಡೇಲಿ ಇಪ್ಪತ್ತು ಹಲ್ಲು, ಕೆಳದವಡೇಲಿ ಇಪ್ಪತ್ತೆರಡು. ಒಂದು ಕಮ್ಮಿಯಾದ್ರೂ ನಾನು ಒಪ್ಪಲ್ಲ."

ಅಜ್ಜಿಯ ಸರದಿ ಬಂತು. ಆ ಪ್ರಾಣಿ ಹಾಡಹಗಲಲ್ಲಿ ಅವಳ ಅಂಗಡಿಯ ಬಕೆಟ್ಟಿನಲ್ಲಿ ನೀರು ಕುಡಿದದ್ದನ್ನು ಯಾರೋ ನೋಡಿ ಹೇಳಿದ್ದರಿಂದ ಅವಳನ್ನು ಕರೆಸಿದ್ದರು. ಇಲ್ಲದಿದ್ದರೆ ಅವಳೇನೂ ತಾನಾಗಿ ಬರುವವಳಲ್ಲ.

"ಗಾತ್ರ ಗೀತ್ರ ನಂಗೆ ಗೊತ್ತಿಲ್ಲ," ಎಂದಳು ಅಜ್ಜಿ. "ಕೆಳಗಿನ ದವಡೆ ಎಡಕ್ಕೆ ಸರಿದಿತ್ತು. ಗುಂಡಿ ತಪ್ಪಿಸಿ ಹಾಕ್ಕೊಂಡಿರೋ ಅಂಗಿ ಇರಲ್ವಾ, ಹಾಗೆ."

ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಟ್ಟ ದವಡೆಯ ತೋಳ ಯಾವ ಸಂಪುಟದಲ್ಲೂ ಇಲ್ಲ ಎಂದು ಪೋಸ್ಟ್ ಮಾಸ್ಟರು ಖಂಡಿಸಿದರು. ಅಜ್ಜಿ ಅವರಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ. "ಐವತ್ತು ವರ್ಷದಿಂದ ಅಂಗಿ ಕಾಲರ್ ಜೋಡಿಸ್ತಾ ಇದೀನಿ. ಯಾವುದು ನೇರ ಯಾವುದು ಸೊಟ್ಟ ಅಂತ ನಂಗೆ ಯಾರೂ ಹೇಳಿಕೊಡಬೇಕಿಲ್ಲ," ಎಂದು ಎದ್ದು ಹೋದಳು.

ಮೇಷ್ಟ್ರು ಮೊದಲ ಇಬ್ಬರ ಮಾತು ಹಿಡಿದು ಗಂಟೆಗಟ್ಟಲೆ ಕೂತು ಒಂದು ಚಿತ್ರ ಮುಗಿಸಿದರು. ಕೆಂಡದಂಥ ಕಣ್ಣು, ನಿಮಿರಿದ ಕಿವಿ, ಎಣಿಸಿ ಬರೆದ ನಲವತ್ತೆರಡು ಹಲ್ಲು. ಇನ್‌ಸ್ಪೆಕ್ಟರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಡೆಗೆ ಮೇಲಿನ ಅರ್ಧಕ್ಕೆ ಅಂಗೈ ಮುಚ್ಚಿ ನೋಡಿದರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ಭಾಮೈದ ಅಲ್ವಾ?"

ಮೇಷ್ಟ್ರ ಮುಖ ಸಪ್ಪೆಯಾಯಿತು. "ನಾಳೆ ತನಕ ಟೈಮ್ ಕೊಡಿ ಸಾರ್," ಎಂದರು.

ಮನೆಗೆ ಬಂದವರು ಊಟದ ಮೇಜಿನ ತುಂಬ ಹಾಳೆ ಹರವಿಕೊಂಡು ಕೂತರು. ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ ಆಗಾಗ ಒಂದೊಂದು ತೀರ್ಪು ಕೊಡುತ್ತಿದ್ದಳು. ಮೊದಲನೆಯದಕ್ಕೆ "ಮೇಕೆ" ಎಂದಳು. ಎರಡನೆಯದಕ್ಕೆ "ಶೂ." ಮೂರನೆಯದನ್ನು ನೋಡಿ ಮಾತ್ರ ಮಿಷನ್ ನಿಲ್ಲಿಸಿ ಎದ್ದು ಬಂದಳು. "ರೀ, ನನ್ನ ತಮ್ಮನ ಬಾಯಿಗೆ ಆ ಹಲ್ಲೆಲ್ಲಾ ಯಾಕ್ರೀ ಅಂಟಿಸಿದೀರಿ?"

ಮೂತಿಯ ಮರ್ಮ ತಿಳಿಯಲೆಂದು ಮೇಷ್ಟ್ರು ಕನ್ನಡಿಯ ಮುಂದೆ ನಿಂತರು. ಬಾಯಿ ಅಗಲಿಸಿದರು, ತುಟಿ ಮೇಲೆತ್ತಿ ಒಸಡು ತೋರಿಸಿದರು, ಮೂಗು ಸುಕ್ಕುಗಟ್ಟಿಸಿ ಗುರ್ ಎಂದರು. ಐವತ್ತೆರಡು ವರ್ಷ ಯಾರ ಮೇಲೂ ಗುರ್ ಎಂದವರಲ್ಲ. ದನಿ ಬೆಕ್ಕಿನದಾಗಿತ್ತು. ಹೆಂಡತಿ ಉಪ್ಪು ಹಾಕಿದ ಬಿಸಿನೀರು ತಂದು ಪಕ್ಕದಲ್ಲಿಟ್ಟಳು. "ಮುಕ್ಕಳಿಸಿ. ಹಲ್ಲುನೋವು ಅಂದ್ರೆ ಬಾಯಿಬಿಟ್ಟು ಹೇಳಬೇಕಪ್ಪ."

"ಹಲ್ಲುನೋವಲ್ಲ ಕಣೇ. ದವಡೆ ಕೂರ್ತಾ ಇಲ್ಲ."

"ಯಾರದ್ದು?"

ಮೇಷ್ಟ್ರು ಕನ್ನಡಿಯಿಂದ ಈಚೆ ತಿರುಗಿದರು. ದವಡೆ ಯಾರದೆಂದು ನೋಡಿದವಳು ಒಬ್ಬಳೇ ಎಂದು ಅವರಿಗೆ ಹೊಳೆದುಬಿಟ್ಟಿತ್ತು. ಬೇಕರಿಯವನು ಹಿಟ್ಟಿನ ಚೀಲ ನೋಡಿದ್ದ, ಪೋಸ್ಟ್ ಮಾಸ್ಟರು ಪುಸ್ತಕ ನೋಡಿದ್ದರು. ಪ್ರಾಣಿಯನ್ನು ನೋಡಿದವಳು ಅಜ್ಜಿ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ನೇರ ಇಸ್ತ್ರಿ ಅಂಗಡಿಗೆ ಹೋದರು. ಅಂಗಡಿ ಎಂದರೆ ಒಂದು ಗೋಡೆ, ಒಂದು ಚಾವಣಿ, ಎದೆಯೆತ್ತರದ ಒಂದು ಮೇಜು. ಮೇಜಿನ ಮೇಲೆ ಹಾಸಿದ ಹಳೆಯ ಕಂಬಳಿ ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದಿತ್ತು. ಪಕ್ಕದಲ್ಲಿ ಬಟ್ಟೆಗೆ ಚಿಮುಕಿಸುವ ನೀರಿನ ಬಕೆಟ್ಟು, ಮೂಲೆಯಲ್ಲಿ ಒಂದು ಬಟ್ಟಲಿನಲ್ಲಿ ಹಾಲಿನಲ್ಲಿ ನೆನೆದ ಬನ್ನು.

"ನಂಗೆ ಹಲ್ಲಿಲ್ಲವಲ್ಲ, ಅದಕ್ಕೆ," ಎಂದಳು ಅಜ್ಜಿ, ಅವರು ಕೇಳುವ ಮೊದಲೇ.

ಮೇಷ್ಟ್ರು ಸ್ಟೂಲೆಳೆದುಕೊಂಡು ಮೇಜಿಗೆ ಮೊಣಕಾಲು ತಗುಲುವಷ್ಟು ಹತ್ತಿರ ಕೂತರು. "ಅಜ್ಜೀ, ನಿನ್ನೆ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮೊದಲಿಂದ ಹೇಳಿ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಮೂತಿ ಉದ್ದ. ಆದರೆ ಚೂಪಲ್ಲ, ತುದೀಲಿ ಮೊಂಡು. ಮೂಗಿನ ಮೇಲೆ ಕೂದಲು ಉದುರಿ ನುಣ್ಣಗಾಗಿದೆ. ಬರ್ಕೊಳ್ಳಿ. ಬಾಯಿ ಸುತ್ತ ಬಿಳಿಕೂದಲು, ವಯಸ್ಸಾಗಿದೆ ಅದಕ್ಕೆ. ಅಯ್ಯೋ, ಅಷ್ಟೊಂದು ಅಲ್ಲ, ನನ್ನಷ್ಟೇನೂ ಆಗಿಲ್ಲ. ಅಳಿಸಿ."

ಮೇಷ್ಟ್ರು ಅಳಿಸಿದರು.

"ಈಗ ದವಡೆ. ಮೇಲಿನದು ನೇರವಾಗಿ ಬರುತ್ತೆ. ಕೆಳಗಿನದು ಅರ್ಧ ದಾರಿ ಅದರ ಜೊತೆ ಬಂದು, ಆಮೇಲೆ ಎಡಕ್ಕೆ ತಿರುಗುತ್ತೆ. ಅದರ ಎಡ ಅಪ್ಪಾ, ನಿಮ್ಮದಲ್ಲ! ಹಾಂ. ಆ ಕಡೆ ಕೆಳಗಿನ ಕೋರೆಹಲ್ಲು ಒಳಗೆ ಹೋಗಲ್ಲ, ತುಟಿಯಿಂದ ಆಚೆ ನಿಂತ್ಕೊಳ್ಳುತ್ತೆ. ಬಾಯಿ ಪೂರ್ತಿ ಮುಚ್ಚಲ್ಲವಲ್ಲ, ಅದಕ್ಕೆ ನಾಲಿಗೆ ತುದಿ ಯಾವಾಗಲೂ ಒಂಚೂರು ಹೊರಗೆ. ನಿದ್ದೇಲೂ ಹೊರಗೆ."

"ನಿದ್ದೇಲಾ?"

"ಇರಬಹುದು ಅಂದೆ," ಎಂದಳು ಅಜ್ಜಿ.

ಅಷ್ಟರಲ್ಲಿ ಮೇಜಿನ ಕೆಳಗಿನಿಂದ ಉದ್ದನೆಯ ನಿಟ್ಟುಸಿರೊಂದು ಬಂತು. ಮೇಷ್ಟ್ರು ಪೆನ್ಸಿಲ್ ನಿಲ್ಲಿಸಿದರು.

"ಕೆಂಡ," ಎಂದಳು ಅಜ್ಜಿ. "ಆರುವಾಗ ಹಾಗೇ ಸದ್ದು ಮಾಡುತ್ತೆ."

ಕೆಂಡದ ಪೆಟ್ಟಿಗೆ ಮೇಜಿನ ಮೇಲಿತ್ತು. ಆದರೆ ಮೇಷ್ಟ್ರ ಜೀವವೆಲ್ಲ ಹಾಳೆಯ ಮೇಲಿದ್ದುದರಿಂದ ಅವರಿಗೆ ಮೇಲೆ ಕೆಳಗೆ ಎಂಬುದರ ಪರಿವೆ ಇರಲಿಲ್ಲ. ಅಜ್ಜಿ ತನ್ನ ಬೋಳು ದವಡೆಯನ್ನೇ ಎಡಕ್ಕೆ ಸರಿಸಿ, ನಾಲಿಗೆ ತುದಿ ಹೊರಗಿಟ್ಟು ತೋರಿಸಿದಳು. ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಆ ಮುಖ ನೋಡಿ ಗಂಟನ್ನು ಹೊಸ್ತಿಲಲ್ಲೇ ಇಟ್ಟು ಹೋದಳು. ಮೇಷ್ಟ್ರು ಬರೆದರು, ಅಜ್ಜಿ ತಿದ್ದಿದಳು. ಆರು ಸಲ ಅಳಿಸಿದ ಮೇಲೆ ಹಾಳೆ ಅಲ್ಲಲ್ಲಿ ತೆಳ್ಳಗಾಯಿತು. ಏಳನೇ ಸಲ ದವಡೆ ಎಲ್ಲಿ ಕೂರಬೇಕೋ ಅಲ್ಲಿ ಬಂದು ಕೂತಿತು. ಅಜ್ಜಿ ಬಹಳ ಹೊತ್ತು ನೋಡಿದಳು.

"ಇದೇ," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ," ಎಂದಳು.

ಆರು ವರ್ಷದಲ್ಲಿ ಮೊದಲ ಸಲ ಮೇಷ್ಟ್ರ ಕೈಯಿಂದ ಭಾಮೈದನಲ್ಲದ ದವಡೆಯೊಂದು ಹುಟ್ಟಿತ್ತು. ಅವರು ರಸ್ತೆಯಲ್ಲಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಸಿ ಪಾತ್ರೆ ಹೊತ್ತವರಂತೆ ಸ್ಟೇಷನ್ನಿಗೆ ನಡೆದರು.

ಇನ್‌ಸ್ಪೆಕ್ಟರಿಗೆ ಅದು ಹಿಡಿಸಲೇ ಇಲ್ಲ. "ಏನ್ ಮೇಷ್ಟ್ರೇ ಇದು? ಜನ ನೋಡಿದ್ರೆ ನಡುಗಬೇಕು. ಇದು ಏನೋ ಹೇಳೋಕೆ ಬಂದು ಮರೆತುಹೋದವರ ಹಾಗಿದೆ. ಇದನ್ನ ಅಂಟಿಸಿದ್ರೆ ಜನ ಎಚ್ಚರ ಆಗಲ್ಲ, ಮನೆಗೆ ಕರೆದು ಊಟ ಹಾಕ್ತಾರೆ. ನಿನ್ನೇದೇ ಇರಲಿ."

"ಸಾರ್, ನಿನ್ನೇದು ತಪ್ಪು."

"ತಪ್ಪಾದ್ರೂ ಹೆದರಿಕೆ ಆಗುತ್ತಲ್ಲ."

ಮೇಷ್ಟ್ರು ಎಂದೂ ಎದುರಾಡಿದವರಲ್ಲ. ಆ ದಿನವೂ ಎದುರಾಡಲಿಲ್ಲ. ಸುಮ್ಮನೆ ಹೊರಗೆ ಬಂದು, ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ಪ್ರತಿ ತೆಗೆಸಿ, ಕೆಳಗೆ ತಮ್ಮದೇ ಫೋನ್ ನಂಬರು ಬರೆದು, ಬಸ್ ಸ್ಟ್ಯಾಂಡು, ಔಷಧಿ ಅಂಗಡಿ, ಪೆಟ್ರೋಲ್ ಬಂಕು, ಪ್ರಾಣಿಗಳ ಆಸ್ಪತ್ರೆ ಎಂದು ಸಿಕ್ಕ ಸಿಕ್ಕ ಕಡೆ ಅಂಟಿಸಿದರು. ಅಂಗಿಯ ಮುಂಭಾಗವೆಲ್ಲ ಅಂಟಾಯಿತು.

ಪೊಲೀಸರ ಪೋಸ್ಟರೂ ಅದೇ ಸಂಜೆ ಊರೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ಮೇಷ್ಟ್ರಿಗೆ ಮೊದಲು ಬಂದ ಫೋನು ಭಾಮೈದನದು.

"ಭಾವಾ, ಮತ್ತೆ ನಾನೇನಾ?"

"ಇಲ್ಲ ಕಣಪ್ಪಾ, ಅದು ತೋಳ..."

"ಗೊತ್ತು ಭಾವ. ಆಫೀಸಲ್ಲಿ ನಾನು ಒಳಗೆ ಕಾಲಿಟ್ಟ ತಕ್ಷಣ ಇಡೀ ಸೆಕ್ಷನ್ನು ಊಳಿಡ್ತು. ಮ್ಯಾನೇಜರೂ ಸೇರ್ಕೊಂಡ್ರು. ಅಕ್ಕನಿಗೆ ಫೋನ್ ಕೊಡಿ."

ಅಕ್ಕ ಫೋನು ತೆಗೆದುಕೊಂಡು ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತ ಗಂಡನನ್ನೇ ನೋಡಿದಳು. ಆ ನೋಟದ ಕೆಳಗೆ ಹೆಚ್ಚು ಹೊತ್ತು ಕೂರುವ ಧೈರ್ಯವಿಲ್ಲದೆ ಮೇಷ್ಟ್ರು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದರು. ಗೇಟು ದಾಟುವಷ್ಟರಲ್ಲಿ ಎರಡನೇ ಫೋನು ಬಂತು. ಹೆಣ್ಣು ದನಿ.

"ನಾನು ಪ್ರಾಣಿಗಳ ಡಾಕ್ಟರು. ಆಸ್ಪತ್ರೆ ಗೇಟಿಗೆ ಚಿತ್ರ ಅಂಟಿಸಿದ್ದು ನೀವೇನಾ? ಈ ದವಡೆ ಎಲ್ಲಿ ಸಿಕ್ತು ನಿಮಗೆ?"

"ಯಾಕೆ ಡಾಕ್ಟ್ರೇ? ಸೊಟ್ಟ ಆಯ್ತಾ?"

"ಸೊಟ್ಟ ಮಾಡಿದ್ದೇ ನಾನು! ಎರಡು ವರ್ಷದ ಹಿಂದೆ ಲಾರಿ ಮೇಲಿಂದ ಬಿದ್ದು ಮುರಿದುಕೊಂಡಿತ್ತು. ತಂತಿ ಹಾಕಿ ಕಟ್ಟಿದೆ, ಆದರೂ ಸರಿಯಾಗಿ ಕೂರಲಿಲ್ಲ. ಆ ಎಡಗಡೆ ಕೋರೆಹಲ್ಲು ನೋಡಿದ ತಕ್ಷಣ ನನಗೆ ಗುರುತು ಸಿಕ್ತು. ಅದು ನಾಯಿ ಸಾರ್. ತಾತನೋ ಮುತ್ತಾತನೋ ತೋಳ ಇದ್ದಿರಬೇಕು, ನೋಡೋಕೆ ಹಾಗಿದೆ. ಕಚ್ಚೋಕೂ ಆಗಲ್ಲ ಅದಕ್ಕೆ, ಮೆತ್ತಗಿರೋದು ಬಿಟ್ಟು ಬೇರೇನೂ ತಿನ್ನೋಕಾಗಲ್ಲ. ಅದರ ಯಜಮಾನ ಒಬ್ಬ ಲಾರಿ ಡ್ರೈವರು. ಟೀ ಕುಡಿಯೋಕೆ ಇಳಿದಾಗ ತಪ್ಪಿಸಿಕೊಳ್ತಂತೆ. ಮೂರು ವಾರದಿಂದ ದಿನಾ ನನಗೆ ಫೋನ್ ಮಾಡಿ ಅಳ್ತಾನೆ."

ಮೇಷ್ಟ್ರು ಗೇಟು ಹಿಡಿದುಕೊಂಡೇ ನಿಂತರು. ಬೇಕರಿಯ ಪಕ್ಕದಲ್ಲೇ ಮಾಂಸದ ಅಂಗಡಿಯಿತ್ತು. ಹದಿನೈದು ದಿನದಲ್ಲಿ ಅಲ್ಲಿ ಒಂದು ತುಂಡೂ ಹೋಗಿರಲಿಲ್ಲ ಎಂಬುದು ಅವರಿಗೆ ಆಗ ನೆನಪಾಯಿತು. ಆ ಮುಖದ ಗುರುತು ಸಿಕ್ಕಿದ್ದು ಇಸ್ತ್ರಿ ಅಂಗಡಿಯ ಬೀದಿಯಲ್ಲಿ ಎಂದು ಡಾಕ್ಟರಿಗೂ ಆಮೇಲೆ ಇನ್‌ಸ್ಪೆಕ್ಟರಿಗೂ ಹೇಳಿದರು; ನಾಯಿ ಎಂಬ ಮಾತನ್ನು ಇನ್‌ಸ್ಪೆಕ್ಟರು ಮಾತ್ರ ನಂಬಲಿಲ್ಲ.

ಮಾರನೆಯ ದಿನ ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆಗೆ ಸಿಮೆಂಟ್ ಲಾರಿಯೊಂದು ಇಸ್ತ್ರಿ ಅಂಗಡಿಯ ಬೀದಿಗೆ ನುಗ್ಗಿತು. ಇನ್‌ಸ್ಪೆಕ್ಟರು ಮೊದಲೇ ಬಂದು ಕಾರ್ಯಾಚರಣೆ ಶುರುಮಾಡಿದ್ದರು. ಆರು ಜನ ಪೊಲೀಸರು, ವಾಲಿಬಾಲ್ ಮೈದಾನದಿಂದ ತಂದ ಒಂದು ಬಲೆ, ಬಿದಿರಿನ ಕೋಲುಗಳು. ಬೇಕರಿಯವನು ಬನ್ನಿನ ತಟ್ಟೆಯನ್ನು ಎದೆಗೆ ಕಟ್ಟಿಕೊಂಡಿದ್ದ. ಪೋಸ್ಟ್ ಮಾಸ್ಟರು ಈ ಸಲ ಕನ್ನಡಕ ಹಾಕಿಕೊಂಡು, ಮೂರನೇ ಮಹಡಿಯಲ್ಲೇ ನಿಂತಿದ್ದರು.

ಲಾರಿಯಿಂದ ಇಳಿದ ಡ್ರೈವರನನ್ನು ನೋಡಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲಿಗಿಂತ ಅಗಲವಾದ ಆಳು, ಕುತ್ತಿಗೆ ತುಂಬ ಹಚ್ಚೆ. ಅವನು ಯಾರನ್ನೂ ಮಾತಾಡಿಸದೆ ಬೀದಿಯ ನಡುವೆ ನಿಂತು, ಆ ಮೈಗೆ ಒಂದಿಷ್ಟೂ ಹೊಂದದ ಸಣ್ಣ ದನಿಯಲ್ಲಿ ಕೂಗಿದ.

"ಚಿನ್ನೂ! ಪಾಪಚ್ಚೀ! ಎಲ್ಲಿದೀಯೋ ನನ್ನ ರಾಜಾ!"

ಪೊಲೀಸರಲ್ಲೊಬ್ಬನಿಗೆ ಕೆಮ್ಮು ಬಂದು ಗೋಡೆಯ ಕಡೆ ತಿರುಗಿಕೊಂಡ. ಡ್ರೈವರು ಮತ್ತೆ ಕೂಗಿದ. ಬೀದಿಯಲ್ಲಿ ಸದ್ದಿಲ್ಲ. ಮೂರನೇ ಸಲ ಕೂಗಲು ಹೋದವನು ಅರ್ಧಕ್ಕೇ ಬಿಟ್ಟ. ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆಗ ಇಸ್ತ್ರಿ ಮೇಜಿನ ಕಂಬಳಿ ಅಲುಗಾಡಿತು. ಮೊದಲು ಮೊಂಡು ಮೂತಿ, ಆಮೇಲೆ ಎಡಕ್ಕೆ ಸರಿದ ದವಡೆ, ಆಚೆ ನಿಂತ ಕೋರೆಹಲ್ಲು, ಒಂಚೂರು ಹೊರಗಿದ್ದ ನಾಲಿಗೆ. ಮೇಷ್ಟ್ರಿಗೆ ತಮ್ಮ ಹಾಳೆಯೇ ಎದ್ದು ನಡೆದು ಬಂದಂತಾಯಿತು. ಪ್ರಾಣಿ ಬಲೆಯ ಪಕ್ಕದಲ್ಲೇ ಹಾದು, ಪೊಲೀಸರನ್ನೆಲ್ಲ ದಾಟಿ, ಡ್ರೈವರನ ಮೊಣಕಾಲಿನ ಮೇಲೆ ಗಲ್ಲವಿಟ್ಟು ನಿಂತಿತು. ಬೇಕರಿಯವನು ಅಷ್ಟರಲ್ಲಿ ಲಾರಿಯ ಮೇಲಿದ್ದ.

ಇನ್‌ಸ್ಪೆಕ್ಟರು ಕೋಲು ಕೆಳಗಿಟ್ಟು ಅಜ್ಜಿಯ ಮುಂದೆ ಬಂದು ನಿಂತರು. "ಅಜ್ಜೀ! ಎಷ್ಟು ದಿನದಿಂದ ಇಲ್ಲಿತ್ತು ಇದು?"

"ಹದಿನಾಲ್ಕು ದಿನ."

"ಮತ್ತೆ ಸ್ಟೇಷನ್ನಿಗೆ ಬಂದಾಗ ಹೇಳಲಿಲ್ಲ?"

"ಮುಖ ಹೇಗಿತ್ತು ಅಂತ ಕೇಳಿದ್ರಿ, ಹೇಳಿದೆ. ಎಲ್ಲಿದೆ ಅಂತ ಯಾರು ಕೇಳಿದ್ರಿ?"

ಇನ್‌ಸ್ಪೆಕ್ಟರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮೇಜಿನ ಕೆಳಗೆ ನೋಡುತ್ತಿದ್ದರು. ತಾವು ಎರಡು ಗಂಟೆ ಹೊತ್ತು ಯಾವುದರ ಮೂಗಿಗೆ ಮೊಣಕಾಲು ಒತ್ತಿಕೊಂಡು ಕೂತಿದ್ದೆವೆಂದು ಅವರಿಗೆ ಆಗ ತಿಳಿದು, ಎರಡು ದಿನ ತಡವಾಗಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು.

"ಕಂಬಳಿ ಎತ್ತಿ ತೋರಿಸಿದ್ರೆ ಒಂದು ನಿಮಿಷದಲ್ಲಿ ಬರೀತಿದ್ನಲ್ಲ ಅಜ್ಜೀ," ಎಂದರು.

"ತೋರಿಸಿದ್ರೆ ಬರೆಯೋಕೆ ನೀವು ಇಲ್ಲಿ ಇರ್ತಿದ್ರಾ?" ಎಂದಳು ಅಜ್ಜಿ. ಆಮೇಲೆ ದನಿ ಮೆತ್ತಗಾಯಿತು. "ಬಾಯೊಳಗೆ ಕೈಯಾಡಿಸಿದಾಗ ತಂತಿ ಸಿಕ್ತು ಮೇಷ್ಟ್ರೇ. ಯಾರೋ ಆಸೆಯಿಂದ ಸರಿಮಾಡಿಸಿದಾರೆ, ಅವರು ಹುಡುಕ್ತಾ ಇರ್ತಾರೆ ಅಂತ ಗೊತ್ತಾಯ್ತು. ಇವರ ಕೈಗೆ ಕೊಟ್ಟಿದ್ರೆ ಬಡಿದು ಹಾಕ್ತಿದ್ರು. ಅದರ ಮುಖ ಇದ್ದ ಹಾಗೇ ಕಾಗದದ ಮೇಲೆ ಬಂದ್ರೆ, ಅದರವರೇ ಬರ್ತಾರೆ ಅಂದ್ಕೊಂಡೆ."

ಡ್ರೈವರು ನಾಯಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಅಜ್ಜಿಯ ಕಾಲಿಗೆ ಬಗ್ಗಲು ನೋಡಿದ. ಎರಡೂ ಕೈ ತುಂಬಿದ್ದರಿಂದ ಆಗಲಿಲ್ಲ. "ಅವ್ವಾ, ನೀನು ಇವನನ್ನ ಏನಂತ ಕರೀತಿದ್ದೆ?" ಎಂದು ಕೇಳಿದ.

"ಸಾಹೇಬ್ರು ಅಂತ."

ನಾಯಿ ಆ ಹೆಸರಿಗೆ ಕಿವಿ ನಿಮಿರಿಸಿ ಅವಳ ಕಡೆ ಕತ್ತು ಚಾಚಿತು. ಅಜ್ಜಿ ಅದರ ಗಲ್ಲದ ಕೆಳಗೆ ಒಮ್ಮೆ ತುರಿಸಿ, ತಟ್ಟನೆ ಬೆನ್ನು ಹಾಕಿ, ಯಾರದೋ ಅಂಗಿಯನ್ನು ಎಳೆದುಕೊಂಡು ಆರಿದ ಪೆಟ್ಟಿಗೆಯಲ್ಲೇ ಉಜ್ಜತೊಡಗಿದಳು. ಡ್ರೈವರು ನಾಯಿಯನ್ನು ಲಾರಿಗೆ ಹತ್ತಿಸಿ ಮತ್ತೆ ಅಂಗಡಿಗೆ ಬಂದ. ಆಮೇಲೆ, "ಅವ್ವಾ, ಮಂಗಳವಾರ ಮಂಗಳವಾರ ನನ್ನ ಲೋಡು ಇದೇ ದಾರಿ," ಎಂದ.

ಅವನು ಮಾತಿಗೆ ತಪ್ಪುವ ಆಳಲ್ಲ. ಈಗ ಪ್ರತಿ ಮಂಗಳವಾರ ಹತ್ತು ಗಂಟೆಗೆ ಸಿಮೆಂಟ್ ಲಾರಿ ಆ ಕಿರುಬೀದಿಯಲ್ಲಿ ಬಂದು ಅಡ್ಡಡ್ಡ ನಿಲ್ಲುತ್ತದೆ. ನಾಯಿ ಇಳಿದು ಮೇಜಿನ ಕೆಳಗೆ ಹೋಗಿ ಒಂದು ನಿದ್ದೆ ತೆಗೆಯುತ್ತದೆ, ಡ್ರೈವರು ಹೊಸ್ತಿಲಲ್ಲಿ ಕೂತು ಅಜ್ಜಿ ಹೇಳಿದಂತೆ ಕರವಸ್ತ್ರ ಮಡಚುತ್ತಾನೆ. ಅರ್ಧ ಗಂಟೆ ಬೀದಿಯಲ್ಲಿ ಸೈಕಲ್ಲೂ ಹೋಗುವಂತಿಲ್ಲ. ಜನ ಇನ್‌ಸ್ಪೆಕ್ಟರಿಗೆ ದೂರು ಕೊಟ್ಟರು. ಅವರು ಖುದ್ದು ಬಂದು ನೋಡಿ, ಬೀದಿಯ ಎರಡೂ ತುದಿಗೆ ಮರದ ಅಡ್ಡಗಟ್ಟೆ ಇಡಿಸಿ, ಒಂದು ಬೋರ್ಡು ಬರೆದುಕೊಡಲು ಮೇಷ್ಟ್ರಿಗೆ ಹೇಳಿದರು. "ಮಂಗಳವಾರ ಹತ್ತರಿಂದ ಹತ್ತೂವರೆ, ಕಾಮಗಾರಿ ನಡೆಯುತ್ತಿದೆ."